ಬಾಗಿಲಿಗೆ ಈ ತಿಂಗಳ ಹೂ

ವಿಜಯದಶಮಿ ಕಳೆದು ಮೂರು ದಿನ. ಬೆಳಿಗ್ಗೆ ಸ್ಟೂಲು ಹಾಕಿಕೊಂಡು ಬಾಗಿಲಿನ ಮಾವಿನ ತೋರಣ ಬಿಚ್ಚುತ್ತಿದ್ದೆ. ಎಲೆಗಳೆಲ್ಲ ಸುರುಳಿ ಸುತ್ತಿಕೊಂಡು, ಮುಟ್ಟಿದರೆ ಹಪ್ಪಳದ ಹಾಗೆ ಪಟಪಟ ಎನ್ನುತ್ತಿದ್ದವು. ನಡುನಡುವೆ ಸಿಕ್ಕಿಸಿದ್ದ ಚೆಂಡುಹೂ ಕಂದಿ ಹೋಗಿತ್ತು. ದಾಸವಾಳದ ಬೇಲಿಯಾಚೆಯಿಂದ ದನಿ ಬಂತು.

"ಏನಕ್ಕಾ, ಇಷ್ಟು ಬೇಗ ಬಿಚ್ತಾ ಇದ್ದೀರಿ? ದೀಪಾವಳಿವರೆಗೂ ಇರಲಿ ಅಂತ ಎಲ್ಲರೂ ಬಿಟ್ಟಿರ್ತಾರಲ್ಲ."

ಪಕ್ಕದ ಮನೆಯ ಹುಡುಗಿ. ಸಾಗರದ ಕಡೆಯವಳು, ದೀವರ ಮನೆಯ ಹೆಣ್ಣುಮಗಳು. ಮದುವೆಯಾಗಿ ಮೈಸೂರಿಗೆ ಬಂದು ಎರಡು ವರ್ಷವಾಯಿತು. ಬಂದ ಹೊಸದರಲ್ಲಿ ಬೇಲಿಯಿಂದ ನಾಲ್ಕು ಮಾರು ದೂರ ನಿಂತು ನಗುತ್ತಿದ್ದಳು. ಈಗ ಬೇಲಿ ನಡುವಿನ ಸಂದಿಯಲ್ಲಿ ಅವಳ ಸಾರಿನ ಪಾತ್ರೆ ಈಚೆಗೆ, ನನ್ನ ಉಪ್ಪಿನಕಾಯಿ ಭರಣಿ ಆಚೆಗೆ ಓಡಾಡುತ್ತವೆ.

"ಹಬ್ಬ ಮುಗೀತಲ್ಲಮ್ಮ, ಅದರ ಮಾತೂ ಮುಗೀಬೇಕು" ಅಂದೆ. "ಒಣಗಿದ್ದು ಬಾಗಿಲ ಮೇಲೆ ನೇತಾಡ್ತಾ ಇದ್ರೆ, ಬಂದವರಿಗೆ ಈ ಮನೇಲಿ ಇನ್ನೂ ನವಮಿಯೇ ನಡೀತಿದೆ ಅನ್ನಿಸುತ್ತೆ. ನಾವಾಗಲೇ ತ್ರಯೋದಶಿಗೆ ಬಂದಿದ್ದೀವಿ."

ಅವಳು ನಕ್ಕಳು. ಅವಳ ಬಲಗೈ ಬೆರಳು ಮೂರೂ ಬೆಳ್ಳಗಿದ್ದವು, ಅಕ್ಕಿಹಿಟ್ಟು ಮೆತ್ತಿಕೊಂಡ ಹಾಗೆ. ಅದೇನು ಅಂತ ಆಮೇಲೆ ಗೊತ್ತಾಯಿತು. ಮೊದಲು ನನ್ನ ಬುಟ್ಟಿಯ ವಿಷಯ ಹೇಳಿಬಿಡುತ್ತೇನೆ, ಅವತ್ತಿನ ಮಾತೆಲ್ಲ ಶುರುವಾಗಿದ್ದು ಅದರಿಂದಲೇ.

ನಮ್ಮ ಬಾಗಿಲಿಗೆ ತೋರಣದ ಜೊತೆ ಒಂದು ಬುಟ್ಟಿಯೂ ತೂಗುತ್ತದೆ. ಗೋಡೆಗೆ ಒರಗಿ ಕೂರುವಂತೆ ಹಿಂಬದಿ ಚಪ್ಪಟೆ, ಮುಂಬದಿ ಹೊಟ್ಟೆ ಬಂದ ಬಿದಿರಿನ ಅರೆಬುಟ್ಟಿ. ಇಲ್ಲಿನ ಬಂಬೂ ಬಜಾರಿನಲ್ಲಿ ಹೇಳಿ ಮಾಡಿಸಿದ್ದು. ಗೌರಿ ಹಬ್ಬಕ್ಕೆ ಮುಂಚೆ ಹೋಗಬೇಡಿ, ಆಗ ಮೇದರಿಗೆ ಬಾಗಿನದ ಮೊರ ಹೆಣೆಯುವುದರಲ್ಲೇ ಉಸಿರು ಬಿಡಲು ಹೊತ್ತಿರುವುದಿಲ್ಲ. ಹಬ್ಬ ಕಳೆದ ಮೇಲೆ ಹೋದರೆ ಕೂರಿಸಿಕೊಂಡು ಅಳತೆ ಕೇಳುತ್ತಾರೆ. ಮೇದಾರ ಕೇತಯ್ಯನಂಥ ಶರಣರು 12ನೇ ಶತಮಾನದಲ್ಲಿ ಬುಟ್ಟಿ ಹೆಣೆಯುತ್ತಲೇ ಬದುಕಿದರು. ಆ ಕೈಕೆಲಸ ಇನ್ನೂ ನಮ್ಮ ಊರಿನ ಬೀದಿಬದಿಯಲ್ಲಿ ಉಸಿರಾಡುತ್ತಿರುವುದು ನನಗೆ ದೊಡ್ಡ ಸಮಾಧಾನ.

ನೇತುಹಾಕುವ ಜಾಗದ ಬಗ್ಗೆ ಒಂದು ಮಾತು. ಕೆಲವರು ಕದಕ್ಕೇ ಮೊಳೆ ಹೊಡೆದು ತೂಗುಹಾಕುತ್ತಾರೆ. ನಮ್ಮ ಮನೆಗಳ ಬಾಗಿಲು ದಿನಕ್ಕೆ ನೂರು ಸಲ ತೆಗೆದು ಹಾಕುವಂಥದ್ದು. ಹಾಲಿನವರು, ತರಕಾರಿ, ಮಕ್ಕಳು, ನೆಂಟರು. ಪ್ರತಿ ಸಲವೂ ಬುಟ್ಟಿ ಹೋಗಿ ಕದಕ್ಕೆ ಬಡಿಯುತ್ತದೆ, ಎರಡೇ ದಿನದಲ್ಲಿ ಹೂವಿನ ಕತ್ತು ಮುರಿಯುತ್ತದೆ. ನಾನು ಬಾಗಿಲ ಚೌಕಟ್ಟಿನ ಪಕ್ಕದ ಗೋಡೆಗೆ ಹಾಕುತ್ತೇನೆ, ಚಿಲಕ ಇರದ ಕಡೆಗೆ, ಕಣ್ಣಿನ ಮಟ್ಟಕ್ಕೆ. ಹೊಸಿಲಿನ ನೇರಕ್ಕೆ ಬರದ ಹಾಗೆ ನೋಡಿಕೊಂಡರೆ ನೀರು ತೊಟ್ಟಿಕ್ಕಿ ರಂಗೋಲಿ ಕದಡುವುದಿಲ್ಲ. ಒಳಗೆ ಬಾಳೆ ಎಲೆ ಹಾಸಿ, ಅದರ ಮೇಲೆ ನೆನೆಸಿ ಹಿಂಡಿದ ತೆಂಗಿನ ನಾರು, ನಡುವೆ ಒಂದು ಹಳೆಯ ಸ್ಟೀಲಿನ ಲೋಟ. ಲೋಟದಲ್ಲಿ ಅರ್ಧ ನೀರು. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಸವರಿ ತೆಗೆಯಬೇಕು, ಚೆಂಡುಹೂವಿಗಂತೂ ತಪ್ಪದೆ. ಅದರ ಎಲೆ ನೀರಿನಲ್ಲಿ ಕೊಳೆತರೆ ಬರುವ ವಾಸನೆ ಬಂದ ನೆಂಟರನ್ನು ಹೊಸಿಲಿನಲ್ಲೇ ನಿಲ್ಲಿಸುತ್ತದೆ. ದಿನ ಬಿಟ್ಟು ದಿನ ನೀರು ಬದಲಿಸಿ, ಕಡ್ಡಿಯ ತುದಿಯನ್ನು ಒಂದು ಬೆರಳಷ್ಟು ಓರೆಯಾಗಿ ಕತ್ತರಿಸಿದರೆ ಸೇವಂತಿಗೆ ಒಂದು ವಾರ ನಗುತ್ತಾ ಇರುತ್ತದೆ.

"ಅಷ್ಟೆಲ್ಲ ಯಾಕಕ್ಕಾ?" ಎಂದು ಅವಳು ಕೇಳಿದ್ದು ಇದಕ್ಕೇ. "ಎದುರುಮನೆಯವರ ಬಾಗಿಲು ನೋಡಿ, ವರ್ಷವಿಡೀ ಹೂ ತುಂಬಿರುತ್ತೆ."

ಎದುರುಮನೆಯದು ಪ್ಲಾಸ್ಟಿಕ್ಕು. ಹಸಿರು ಮಾವಿನೆಲೆ, ಕೇಸರಿ ಚೆಂಡುಹೂ, ಎಲ್ಲ ಹೊಳೆಯುತ್ತದೆ. ಅವರು ಒಳ್ಳೆಯ ಜನ, ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಬರುವುದು ಕತ್ತಲಾದ ಮೇಲೆ. ಅವರಿಗೆ ಹೂ ಕಟ್ಟಲು ಹೊತ್ತೆಲ್ಲಿ? ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಆ ತೋರಣದ ಮೇಲೆ ಇದೆ. ಅದು ಯುಗಾದಿಯಲ್ಲೂ ಅದೇ, ಆಷಾಢದಲ್ಲೂ ಅದೇ, ಇವತ್ತೂ ಅದೇ. ಅದನ್ನು ನೋಡಿ ಮಳೆಗಾಲ ಬಂತೋ ಹೋಯಿತೋ ಹೇಳಲಾಗದು. ಬಾಗಿಲು ಅನ್ನುವುದು ತಿಂಗಳು ಹೇಳಬೇಕು ಕಣಮ್ಮ ಅಂದೆ. ಬೀದಿಯಲ್ಲಿ ಹೋಗುವ ಅಪರಿಚಿತನಿಗೂ ಇದು ಆಶ್ವಯುಜ ಅಂತ ಗೊತ್ತಾಗಬೇಕು.

ಇದನ್ನು ನನಗೆ ಕಲಿಸಿದ್ದು ಒಂದು ಸೇವಂತಿಗೆ ಗಿಡ. ಕೆಲವು ವರ್ಷಗಳ ಹಿಂದೆ ಬುಟ್ಟಿಯಲ್ಲಿ ಕತ್ತರಿಸಿದ ಹೂವಿನ ಬದಲು ಗಿಡವನ್ನೇ ಇಡೋಣ ಎಂದು, ಜುಲೈನಲ್ಲೇ ಎರಡು ಸೇವಂತಿಗೆ ಸಸಿ ಬೆಳೆಸಿದೆ. ಒಂದನ್ನು ಬಾಗಿಲ ಪಕ್ಕ ಬುಟ್ಟಿಯಲ್ಲಿಟ್ಟೆ, ಇನ್ನೊಂದು ಹಿತ್ತಲಿನ ಬಾವಿಕಟ್ಟೆಯ ಮೇಲೆ. ಒಂದೇ ಮಣ್ಣು, ಒಂದೇ ಗೊಬ್ಬರ. ಅಕ್ಟೋಬರ್ ಹೊತ್ತಿಗೆ ಹಿತ್ತಲಿನದು ಮೈತುಂಬ ಮೊಗ್ಗು, ಬಾಗಿಲಿನದು ಬರೀ ಎಲೆ. ಹಸಿರಾಗಿ, ಸೊಂಪಾಗಿ, ಮೊಗ್ಗಿನ ಸುಳಿವೇ ಇಲ್ಲ. ದೃಷ್ಟಿಯಾಗಿದೆ ಅಂದರು ಒಬ್ಬರು. ನರ್ಸರಿಯ ಹಿರಿಯ ಮಾಲಿಯೊಬ್ಬರು ಬಂದು ನೋಡಿ, ಗಿಡವನ್ನು ಬಿಟ್ಟು ತಲೆಯೆತ್ತಿ ಮೇಲೆ ನೋಡಿದರು. ಬಾಗಿಲ ಮೇಲಿನ ದೀಪ! ನಾವದನ್ನು ರಾತ್ರಿಯಿಡೀ ಉರಿಸುತ್ತಿದ್ದೆವು.

ಸೇವಂತಿಗೆ ರಾತ್ರಿಯ ಉದ್ದ ಎಣಿಸುವ ಗಿಡ. ಮಳೆಗಾಲ ಹಿಂದೆ ಸರಿದು ಹಗಲು ಕುಗ್ಗಿ, ಇರುಳು ದಿನದಿನಕ್ಕೂ ಚೂರುಚೂರೇ ಬೆಳೆಯುತ್ತದಲ್ಲ, ಆ ಕತ್ತಲು ಸಾಕಷ್ಟು ಉದ್ದವಾದಾಗ ಅದಕ್ಕೆ ಮೊಗ್ಗು ಕಟ್ಟುವ ಕಾಲ ಬಂತೆಂದು ತಿಳಿಯುತ್ತದೆ. ನಡುವೆ ದೀಪದ ಬೆಳಕು ಬಿದ್ದರೆ ಲೆಕ್ಕ ಮುರಿದುಹೋಗುತ್ತದೆ. ಇನ್ನೂ ಬೇಸಿಗೆಯೇ ಎಂದುಕೊಂಡು ಎಲೆ ಬಿಡುತ್ತಲೇ ಇರುತ್ತದೆ. ಹೂವಿನ ಬೆಳೆಗಾರರು ಬೇಕೆಂದೇ ಹೊಲದಲ್ಲಿ ಬಲ್ಬು ಉರಿಸಿ ಹೂ ಬರುವುದನ್ನು ಮುಂದೂಡುತ್ತಾರೆ, ಬೆಲೆ ಸಿಗುವ ಹೊತ್ತಿಗೆ ಸರಿಹೊಂದಿಸಲು. ನಾನು ಆ ಗಿಡವನ್ನು ಕತ್ತಲಿರುವ ಹಿತ್ತಲಿಗೆ ಒಯ್ದೆ. ಡಿಸೆಂಬರಿನಲ್ಲಿ ಹೂವಾಯಿತು. ಮೊಗ್ಗು ಕಟ್ಟಿ ಬಣ್ಣ ಕಾಣಿಸಿದ ಮೇಲೆ ದೀಪದ ಕೆಳಗೆ ತಂದಿಟ್ಟರೂ ಏನೂ ಆಗುವುದಿಲ್ಲ, ಅಲ್ಲಿಯವರೆಗೆ ಮಾತ್ರ ಕತ್ತಲು ಬೇಕು. ಆವತ್ತಿನಿಂದ ನಮ್ಮ ಬಾಗಿಲ ದೀಪ ಹತ್ತು ಗಂಟೆಗೆ ಆರುತ್ತದೆ. ಮಣ್ಣಿನ ಕುಂಡದಲ್ಲಿ ಕೂತು ಒಂದು ಗಿಡ ಇರುಳನ್ನು ಅಳೆಯುತ್ತಿದೆ ಅಂದರೆ, ಅದನ್ನು ಬಾಗಿಲಿಗೆ ತರುವವಳು ನಾನೂ ಕಾಲ ನೋಡಿಕೊಂಡು ತರಬೇಕು ಅನ್ನಿಸಿತು.

"ಹಾಗಾದರೆ ನಮ್ಮ ಬೆಂಗಳೂರಿನ ರಸ್ತೆ ಮರಗಳಿಗೂ ಹೀಗೇ ಲೆಕ್ಕ ಇರುತ್ತಾ?" ಎಂದಳು. ಅವಳು ಅಲ್ಲಿ ನಾಲ್ಕು ವರ್ಷ ಓದಿದವಳು. ಅದನ್ನು ಲೆಕ್ಕ ಹಾಕಿಯೇ ನೆಟ್ಟವರಿದ್ದಾರೆ ಎಂದೆ. ಜರ್ಮನಿಯಿಂದ ಬಂದ ಜಿ.ಎಚ್. ಕ್ರುಂಬಿಗಲ್, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಲಾಲ್‌ಬಾಗ್ ನೋಡಿಕೊಂಡವರು. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಅರಳಬೇಕು, ಊರಿನಲ್ಲಿ ಹೂವಿಲ್ಲದ ತಿಂಗಳೇ ಇರಬಾರದು ಎಂದು ಯೋಚಿಸಿ ಮರಗಳನ್ನು ಆರಿಸಿದರು. ಫೆಬ್ರವರಿ ಮಾರ್ಚಿನಲ್ಲಿ ನೀಲಿ ಜಕರಂದ, ಏಪ್ರಿಲ್ ಮೇ ತಿಂಗಳಲ್ಲಿ ಕೆಂಪು ಗುಲ್ಮೊಹರ್, ಮಳೆ ಹಿಂದೆ ಸರಿದ ಮೇಲೆ ಆಕಾಶಮಲ್ಲಿಗೆ. ನಮ್ಮ ಕನ್ನಂಬಾಡಿಯ ಬೃಂದಾವನದಲ್ಲೂ ಅವರ ಕೈ ಇದೆ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಇಡೀ ಊರಿನ ಬಾಗಿಲಿಗೆ ಹನ್ನೆರಡು ತಿಂಗಳ ಹೂಬುಟ್ಟಿ ಕಟ್ಟಿಹೋದವರು ಅಂತ ನಾನು ಅವರನ್ನು ನೆನೆಯುತ್ತೇನೆ.

ನನ್ನದು ಒಂದು ಮನೆಯ ಬುಟ್ಟಿ, ಅದಕ್ಕೆ ತಕ್ಕ ಲೆಕ್ಕ. ಯುಗಾದಿಗೆ ಮಾವಿನ ಚಿಗುರು, ಬೇವಿನ ಹೂಗೊಂಚಲು, ಸಿಕ್ಕರೆ ಹೊಂಗೆಯ ಹೂ. ಅದಾದ ಮೇಲೆ ಬಿಸಿಲು. ಆಗ ಕತ್ತರಿಸಿದ ಹೂ ಮಧ್ಯಾಹ್ನಕ್ಕೇ ತಲೆಬಾಗುತ್ತದೆ, ಹಾಗಾಗಿ ಹತ್ತು ಗಂಟೆ ಹೂವಿನ ಗಿಡವನ್ನೇ ತೂಗುಹಾಕುತ್ತೇನೆ. ಬಿಸಿಲು ಏರಿದ ಮೇಲೆ ಅರಳಿ ಇಳಿದಾಗ ಮುಚ್ಚಿಕೊಳ್ಳುವ ಅದಕ್ಕೆ ನೀರು ಕಡಿಮೆಯಾದರೂ ಬೇಸರವಿಲ್ಲ, ನೆರಳಾದರೆ ಮಾತ್ರ ಅರಳುವುದಿಲ್ಲ. ಮಳೆಗಾಲಕ್ಕೆ ಕರ್ಣಕುಂಡಲ. ಶ್ರಾವಣ ಭಾದ್ರಪದದಲ್ಲಿ ಖಾಲಿ ಸೈಟುಗಳಲ್ಲಿ ತುಂಬೆ ಬಿಳಿಬಿಳಿಯಾಗಿ ನಿಂತಿರುತ್ತದೆ, ಒಂದು ಹಿಡಿ ತಂದು ಗರಿಕೆಯ ಜೊತೆ ಇಟ್ಟರೆ ಯಾವ ಗುಲಾಬಿಯೂ ಬೇಡ. ಚಳಿಗೆ ಪೆಟೂನಿಯ ಬಹಳ ಚೆಂದ, ಬುಟ್ಟಿಯ ಅಂಚಿನಿಂದ ಇಳಿಬೀಳುತ್ತದೆ. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನದಲ್ಲಿ ಅದನ್ನು ನೋಡಿದವರು ಅವತ್ತೇ ಅರಳಿದ ಗಿಡ ಕೊಂಡು ತರುತ್ತಾರೆ. ದಸರೆಯ ಹಿಂದೆಯೇ ಎರಡು ದೊಡ್ಡ ಮಳೆ ಬಂದು ಹೂವೆಲ್ಲ ಅಂಟಂಟಾಗಿ ಕೊಳೆಯುತ್ತದೆ. ಸೆಪ್ಟೆಂಬರ್ ಕೊನೆಗೆ ಸಸಿ ಮಾಡಿಕೊಂಡು, ಮಳೆ ನಿಂತ ಮೇಲೆ ಬುಟ್ಟಿಗೆ ಹಾಕಿ, ಬುಡಕ್ಕೆ ಮಾತ್ರ ನೀರುಣಿಸಿದರೆ ಡಿಸೆಂಬರಿನಿಂದ ಶಿವರಾತ್ರಿಯವರೆಗೆ ಜೊತೆಗಿರುತ್ತದೆ. ಗಿಡ ಹಾಕುವ ಬುಟ್ಟಿಗೆ ಬರೀ ಮಣ್ಣು ತುಂಬಬೇಡಿ, ನೆನೆದಾಗ ಅದರ ಭಾರಕ್ಕೆ ಮೊಳೆಯೇ ಕಿತ್ತುಬರುತ್ತದೆ. ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ ಬೆರೆಸಿ.

ಎರಡು ಹೂ ಮಾತ್ರ ಬಾಗಿಲಿಗೆ ಬೇಡ ಅಂತ ಅವಳಿಗೆ ಬೆರಳೆತ್ತಿ ಹೇಳಿದೆ. ಒಂದು ಕಣಗಿಲೆ, ಅದರ ಹಾಲು, ಎಲೆ, ಹೂ ಎಲ್ಲ ವಿಷ. ನಮ್ಮ ಬೀದಿಯಲ್ಲಿ ಹಸು ಗೇಟಿಗೆ ಬಂದು ನಿಲ್ಲುತ್ತವೆ, ಬುಟ್ಟಿಗೆ ಬಾಯಿ ಹಾಕುತ್ತವೆ. ಇನ್ನೊಂದು ಗೌರಿ ಹೂ.

"ಅಯ್ಯೋ, ಅದನ್ನ ನಮ್ಮ ಕಡೆ ಚೌತಿಗೆ ಗಣಪತಿ ಮೇಲೆ ಕಟ್ಟೋ ಫಲಾವಳಿಗೆ ಸಿಕ್ಕಿಸ್ತಾರಕ್ಕಾ! ಬೆಂಕಿ ನಾಲಿಗೆ ಹಾಗೆ ಇರುತ್ತೆ, ಕೆಂಪು ಹಳದಿ."

"ಗಣಪತಿ ಮೇಲೆ ಎತ್ತರದಲ್ಲಿ ಇರಲಿ ಬಿಡು, ಮಕ್ಕಳ ಕೈಗೆ ಸಿಗೋ ಕಡೆ ಬೇಡ. ಅದರ ಮೈಯೆಲ್ಲ ಕಾಲ್ಚಿಸಿನ್ ಅನ್ನೋ ವಿಷ, ಗೆಡ್ಡೆಯಲ್ಲಿ ಇನ್ನೂ ಜಾಸ್ತಿ" ಅಂದೆ. ಒಪ್ಪಿಕೊಂಡಳು. ಆದರೆ ಫಲಾವಳಿಯ ನೆನಪು ಅವಳನ್ನು ಊರಿಗೆ ಎಳೆದುಕೊಂಡು ಹೋಗಿತ್ತು. ನಾನು ಬೆರಳ ಬಿಳಿಯ ಬಗ್ಗೆ ಕೇಳಿದೆ.

ಒಳಗೆ ಹೋಗಿ ಒಂದು ಬುಟ್ಟಿ ತಂದು ಬೇಲಿಯ ಮೇಲೆತ್ತಿ ಹಿಡಿದಳು. ನಾನು ಸ್ಟೂಲಿನಿಂದ ಇಳಿದೇಬಿಟ್ಟೆ.

ಪುಟ್ಟ ಬಿದಿರಿನ ಬುಟ್ಟಿ. ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಅಕ್ಕಿಹಿಟ್ಟಿನಲ್ಲಿ ಎಳೆ ಎಳೆಯಾಗಿ ಬರೆದಿದ್ದಾಳೆ. ಭತ್ತದ ಸಸಿಯ ಸಾಲು, ತೆನೆ, ಗೋಪುರದಂಥ ಗೆರೆಗಳು, ಬುಟ್ಟಿಯ ಅಂಚಿಗೆ ಹೆಣಿಗೆಯ ಹಾಗೆ ಒಂದರೊಳಗೊಂದು ಸೇರಿದ ಓರೆಗೆರೆ. ಭೂಮಣ್ಣಿ ಬುಟ್ಟಿ! ಪುಸ್ತಕದ ಚಿತ್ರದಲ್ಲಿ ನೋಡಿದ್ದೆ, ಮುಟ್ಟಿರಲಿಲ್ಲ. ಬರೆಯಲು ಬ್ರಷ್ಷಲ್ಲ, ಪುಂಡಿ ನಾರು. ತುದಿಯನ್ನು ಜಜ್ಜಿ ಎಳೆ ಬಿಡಿಸಿಕೊಳ್ಳುವುದು. ಆ ನಾರನ್ನೂ ತೋರಿಸಿದಳು, ತಾಯಿ ಕಳಿಸಿದ್ದಂತೆ.

ಇನ್ನೆರಡು ದಿನಕ್ಕೆ ಸೀಗೆ ಹುಣ್ಣಿಮೆ. ಸಾಗರ, ಸೊರಬದ ಕಡೆ ಅದೇ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿಕೊಂಡು ತೆನೆ ಬಿಡುವ ಹವಣಿನಲ್ಲಿರುತ್ತದೆ. ಭೂಮಿತಾಯಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆಯ ಊಟ ಹಾಕಬೇಕಲ್ಲ? ಹೆಂಗಸರು ಹಿಂದಿನ ದಿನಗಳಿಂದಲೇ ಬುಟ್ಟಿಗೆ ಚಿತ್ತಾರ ಬರೆದು, ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಅಡಿಗೆ ಮಾಡುತ್ತಾರೆ. ಕಡುಬು, ಬಗೆಬಗೆಯ ಸೊಪ್ಪು ತರಕಾರಿ ಬೆರೆಸಿ ಬೇಯಿಸಿದ ಚರಗ. ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ದು, ಸೊಪ್ಪಿನ ಅಡಿಗೆಯನ್ನು ಬೆಳೆಯ ಮೇಲೆ ಬೀರಿ ಬರುತ್ತಾರೆ. ದೊಡ್ಡ ಬುಟ್ಟಿ ಅವರ ಮನೆಯಲ್ಲಿ ತಾಯಿ ಬರೆಯುತ್ತಿದ್ದಾರೆ. ಚಿಕ್ಕದನ್ನು ಈ ಸಲ ನಾನೇ ಬರೆದು ತರ್ತೀನಿ ಅಂತ ಇವಳು ಹಟ ಹಿಡಿದಿದ್ದಾಳೆ. ಇವತ್ತು ರಾತ್ರಿಯ ತಾಳಗುಪ್ಪ ರೈಲಿಗೆ ಹೊರಡುತ್ತಾಳೆ.

"ಬಂದ ಮೇಲೆ ಇದನ್ನ ನಿಮ್ಮ ಬಾಗಿಲಿಗೆ ತೂಗುಹಾಕಿ ಅಕ್ಕಾ. ಹೂ ಇಟ್ಟರೆ ಎಷ್ಟು ಚೆಂದ ಕಾಣುತ್ತೆ. ಈಗ ಬೆಂಗಳೂರಲ್ಲಿ ಗೋಡೆ ಅಲಂಕಾರಕ್ಕೆ ಇಂಥದ್ದನ್ನ ಕೊಳ್ತಾರೆ."

ಆಸೆಯಾಯಿತು. ಸುಳ್ಳು ಹೇಳಲಾರೆ. ಆ ಕೆಂಪಿನ ಮೇಲೆ ಹಳದಿ ಸೇವಂತಿಗೆ ಹೇಗೆ ಹೊಂದುತ್ತದೆ ಎಂದು ಮನಸ್ಸು ಆಗಲೇ ಇಟ್ಟು ನೋಡಿತ್ತು. ಅಂಥ ಬುಟ್ಟಿಯನ್ನು ಮಾರಲೆಂದೇ ಮಾಡುವ ಹೆಂಗಸರಿದ್ದಾರೆ, ಅವರ ಕೈಗೆ ನಾಲ್ಕು ಕಾಸು ಬರಲಿ, ಕೊಳ್ಳುವವರು ಕೊಳ್ಳಲಿ. ಆದರೆ ಇದು ಹಾಗಲ್ಲ. ಇದು ಭೂಮಿಗೆ ಅನ್ನ ಹೊತ್ತು ಹೋಗಲಿಕ್ಕೆಂದು, ತಾಯಿಯಿಂದ ನಾರು ತರಿಸಿಕೊಂಡು, ಆಫೀಸಿನಿಂದ ಬಂದು ರಾತ್ರಿ ಕೂತು ಬರೆದದ್ದು. ಅದಕ್ಕೊಂದು ಕೆಲಸ ಇದೆ. ಅನ್ನ ಹೊತ್ತ ಬುಟ್ಟಿಯನ್ನು ನಮ್ಮ ಬಾಗಿಲ ಮೊಳೆಗೆ ನೇತುಹಾಕಲು ನನಗೆ ಮನಸ್ಸು ಬರಲಿಲ್ಲ. ಹಾಗೆಂದು ಹೇಳಿದೆ.

ಅವಳು ಸ್ವಲ್ಪ ಹೊತ್ತು ಬುಟ್ಟಿಯನ್ನು ತಿರುಗಿಸಿ ನೋಡುತ್ತಾ ನಿಂತಳು. "ನಮ್ಮಜ್ಜಿಯೂ ಹೀಗೇ ಅಂದಿದ್ದಳು" ಎಂದಳು. "ಹಂಗಾದರೆ ನಿಮಗೆ ತೆನೆ ತೋರಣ ತರ್ತೀನಿ. ಅದು ಬಾಗಿಲಿಗೇ ಆಗಿರೋದು."

ಭತ್ತದ ತೆನೆಯ ತೋರಣ! ಅದನ್ನು ಹೇಗೆ ಹೆಣೆಯುತ್ತಾರೆಂದು ಬೇಲಿಯ ಮೇಲೆಯೇ ಗರಿಕೆಯ ಕಡ್ಡಿಗಳಲ್ಲಿ ತೋರಿಸಿದಳು. ತೆನೆಯನ್ನು ಪೂರ್ತಿ ಮಾಗಲು ಬಿಡಬಾರದು, ಕಾಳು ಉದುರುತ್ತದೆ. ಹಸಿರು ಹೋಗಿ ಹೊನ್ನು ಬರುವ ಸಂಧಿಯಲ್ಲಿ, ಉದ್ದ ಕಡ್ಡಿ ಬಿಟ್ಟು ಕೊಯ್ಯಬೇಕು. ನೆರಳಿನಲ್ಲಿ ಬಾಡಿಸಿ, ಜಡೆ ಹೆಣೆದಂತೆ ಕಡ್ಡಿಗಳನ್ನು ಒಂದರ ಮೇಲೊಂದು ದಾಟಿಸುತ್ತಾ, ಪ್ರತಿ ಸುತ್ತಿಗೂ ಹೊಸ ತೆನೆ ಸೇರಿಸುತ್ತಾ ಹೋದರೆ ಕಾಳೆಲ್ಲ ಕೆಳಗೆ ಇಳಿಬಿದ್ದು ಝಾಲರಿಯಾಗುತ್ತದೆ. ಹುಣ್ಣಿಮೆಗೆ ಅದು ಸಿಗುವುದಿಲ್ಲ, ಆಗಿನ್ನೂ ಹೊಡೆ. ದೀಪಾವಳಿ ಕಳೆದು ಕೊಯ್ಲಿನ ಹೊತ್ತಿಗೆ ಅವಳ ತಾಯಿಯೇ ಮೈಸೂರಿಗೆ ಬರುತ್ತಾರಂತೆ, ಆಗ ತರುತ್ತಾರಂತೆ.

"ಅಲ್ಲಿವರೆಗೆ ಬುಟ್ಟಿಗೆ ಏನಿಡ್ತೀರಿ?"

ಹುಚ್ಚೆಳ್ಳು ಎಂದೆ. ಊರಾಚೆ ಹೊಲಗಳ ಬದುವಿನಲ್ಲಿ ಈಗ ಹಳದಿ ಹಚ್ಚುವ ಕಾಲ. ಬಲಿಪಾಡ್ಯಮಿಗೆ ನಮ್ಮ ಹಳ್ಳಿಗಳಲ್ಲಿ ಸಗಣಿಯ ಉಂಡೆ ಮಾಡಿ ಬಾಗಿಲ ಎರಡೂ ಬದಿಗಿಟ್ಟು ಅದಕ್ಕೆ ಹುಚ್ಚೆಳ್ಳಿನ ಹೂ ಸಿಕ್ಕಿಸುತ್ತಾರೆ. ನನ್ನ ಅಜ್ಜಿ ಅದಕ್ಕೆ ತಂಗಡಿಯ ಹೂವನ್ನೂ ಸೇರಿಸುತ್ತಿದ್ದರು. ಹೊಲದವರನ್ನು ಕೇಳಿ ಒಂದು ಹಿಡಿ ತರಬೇಕು. ದೇವರಾಜ ಮಾರುಕಟ್ಟೆಯಲ್ಲಿ ಆ ಹೂವನ್ನು ಮಾರು ಅಳೆದು ಮಾರುವುದಿಲ್ಲ, ಹೊಲಕ್ಕೇ ಹೋಗಬೇಕು.

ಆ ಮಾರುಕಟ್ಟೆಯ ನೆನಪಾದರೆ ಈ ವಾರ ಸಂಕಟವಾಗುತ್ತದೆ. ಆಯುಧಪೂಜೆಯ ಹಿಂದಿನ ದಿನ ಕೈಗೆಟುಕದ ಬೆಲೆಗೆ ಏರಿದ್ದ ಸೇವಂತಿಗೆ, ಪೂಜೆಯ ಮಾರನೆಯ ದಿನ ಬಾಳೆಕಂದು, ಒಡೆದ ಬೂದುಗುಂಬಳದ ಜೊತೆ ರಸ್ತೆಬದಿಯ ರಾಶಿಯಲ್ಲಿ ಬಿದ್ದಿತ್ತು. ಅಷ್ಟು ಇರುಳು ಎಣಿಸಿ ಅರಳಿದ ಹೂ! ಒಂದು ಬಾಗಿಲಿಗೆ ಒಂದು ಬುಟ್ಟಿ, ವಾರಕ್ಕೊಂದು ಹಿಡಿ. ಅಷ್ಟು ತಂದರೆ ಒಂದೂ ಬೀದಿಗೆ ಬೀಳುವುದಿಲ್ಲ. ಬಿಚ್ಚಿದ ತೋರಣವನ್ನು ನಾನು ದಾರ ಬಿಡಿಸಿ, ಸಿಕ್ಕಿಸಿದ ಪೊರಕೆ ಕಡ್ಡಿಗಳನ್ನು ಕಿತ್ತು, ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಒಣಗಿದ ಚೆಂಡುಹೂವಿನ ಬುಡ ಹಿಸುಕಿದರೆ ಕಪ್ಪು ಬಿಳಿ ಬೀಜ ಬರುತ್ತದೆ, ಅದು ಮುಂದಿನ ವರ್ಷಕ್ಕೆ. ದಾರವನ್ನು ಸುತ್ತಿಡುತ್ತೇನೆ. ಸೆಣಬಿನ ದಾರ ಮೂರು ಹಬ್ಬಕ್ಕೆ ಬರುತ್ತದೆ.

ಆ ದಾರವೇ ಕೈಯಲ್ಲಿತ್ತು. "ತೋರಣ ಎಷ್ಟು ಉದ್ದ ಬೇಕಕ್ಕಾ? ಅಮ್ಮ ಕೇಳ್ತಾಳೆ" ಎಂದಳು. ಬಾಗಿಲಿಗೆ ಹಿಡಿದು ಅಳೆದೆ. ಎರಡು ಮೊಳ, ಒಂದು ಗೇಣು. ಗಂಟು ಹಾಕಿ ಬೇಲಿಯ ಮೇಲಿಂದ ಕೊಟ್ಟೆ.

"ಇಳಿಬಿದ್ದು ತೂಗಬೇಕಲ್ಲ" ಎಂದು ಅವಳು ಇನ್ನೊಂದು ಗೇಣು ಸೇರಿಸಿ ಎರಡನೆಯ ಗಂಟು ಹಾಕಿದಳು. ದಾರವನ್ನು ಸುತ್ತಿ, ಚಿತ್ತಾರಕ್ಕೆ ತಾಗದ ಹಾಗೆ ಆ ಪುಟ್ಟ ಬುಟ್ಟಿಯೊಳಗಿಟ್ಟುಕೊಂಡು ಒಳಗೆ ಹೋದಳು. ಅಂಚಿನ ಒಂದು ಸಾಲು ಗೆರೆ ಇನ್ನೂ ಬಾಕಿ ಇತ್ತು.